ಎಪ್ಪತ್ತೆರಡು ಬಿಲ್ಲೆಗಳ ಊರು



ಮನೆಮಂದಿಯೆಲ್ಲ ಒಟ್ಟಿಗೆ ಕೂತು ಆಡುವಂಥ ಆಟ ಯಾವುದು ಎಂದು ಯಾರಾದರೂ ಕೇಳಿದರೆ ಥಟ್ಟನೆ ಹೇಳುವುದು ಕಷ್ಟ. ಒಂದೇ ಸೂರಿನ ಕೆಳಗೆ ಮೂರನೇ ತರಗತಿಯ ಹುಡುಗನಿರುತ್ತಾನೆ, ಹೈಸ್ಕೂಲಿನ ಹುಡುಗಿ ಇರುತ್ತಾಳೆ, ಆಫೀಸಿನಿಂದ ಬಳಲಿ ಬಂದ ಯಜಮಾನರಿರುತ್ತಾರೆ, ಎಪ್ಪತ್ತೈದು ದಾಟಿದ ಅತ್ತೆ ಇರುತ್ತಾರೆ. ಚದುರಂಗ ಹರಡಿದರೆ ಇಬ್ಬರಿಗಷ್ಟೇ ಕೆಲಸ. ಅದರಲ್ಲೂ ಬಲ್ಲವರು ಗೆಲ್ಲುತ್ತಾರೆ ಎನ್ನುವುದು ಕಾಯಿ ಜೋಡಿಸುವಾಗಲೇ ಗೊತ್ತಿರುತ್ತದೆ. ಹಾವು-ಏಣಿಯಲ್ಲಿ ಎಲ್ಲವೂ ದಾಳದ ಕೈಯಲ್ಲಿ, ದೊಡ್ಡವರು ಎರಡನೇ ಸುತ್ತಿಗೇ ಆಕಳಿಸುತ್ತಾರೆ. ಇಸ್ಪೀಟು ನಮ್ಮ ಅತ್ತೆಯವರಿಗೆ ಆಗದು. ದುಡ್ಡಿಟ್ಟು ಆಡಿದರೂ ಒಂದೇ, ಸುಮ್ಮನೆ ಆಡಿದರೂ ಒಂದೇ, ಇಸ್ಪೀಟು ಇಸ್ಪೀಟೇ ಅನ್ನುತ್ತಾರೆ. ಅಂತ್ಯಾಕ್ಷರಿಯಲ್ಲಿ ಮಕ್ಕಳು ಹೇಳುವ ಹಾಡು ನಮಗೆ ತಿಳಿಯದು, ನಾವು ಹೇಳುವುದು ಅವರಿಗೆ ತಿಳಿಯದು. ಹಾಗಾಗಿ ಕೊನೆಗೆ ಎಲ್ಲರೂ ತಂತಮ್ಮ ಫೋನಿನ ಕಡೆಗೆ ತಿರುಗಿಕೊಳ್ಳುತ್ತಾರೆ.

ಚದುರಂಗ, ಹಾವು-ಏಣಿ ಎಂಬ ಈ ಎರಡು ತುದಿಗಳ ನಡುವೆ, ಪೂರ್ತಿ ಬುದ್ಧಿಯೂ ಅಲ್ಲದ ಪೂರ್ತಿ ಅದೃಷ್ಟವೂ ಅಲ್ಲದ ಒಂದು ಜಾತಿಯ ಆಟಗಳಿವೆ. ಬಿಲ್ಲೆಗಳನ್ನು ಒಂದರ ಪಕ್ಕ ಒಂದು ಇಡುತ್ತ ಹೋಗುವ ಹಗುರವಾದ ಆಟಗಳು. ಅವುಗಳಲ್ಲಿ ಒಂದರ ವಿಷಯವಾಗಿ ಇವತ್ತು ನಾಲ್ಕು ಮಾತು ಹೇಳುತ್ತೇನೆ. ಅದರ ಹೆಸರು ಕಾರ್ಕಸೋನ್. ನಮ್ಮ ಮನೆಗೆ ಅದು ಬಂದದ್ದು ಜರ್ಮನಿಯ ಮ್ಯೂನಿಕ್‌ನಲ್ಲಿ ಕೆಲಸದಲ್ಲಿರುವ ನನ್ನ ಅಕ್ಕನ ಮಗನ ಸೂಟ್‌ಕೇಸಿನಲ್ಲಿ. ಆಟವನ್ನು ಹೊರತಂದ ಹಾನ್ಸ್ ಇಮ್ ಗ್ಲ್ಯುಕ್ ಎಂಬ ಪ್ರಕಾಶನವೂ ಅದೇ ಊರಿನದು. "ಚಿಕ್ಕಮ್ಮ, ಇದರಲ್ಲಿ ಓದೋದೇನೂ ಇಲ್ಲ. ಚಿತ್ರಕ್ಕೆ ಚಿತ್ರ ಕೂಡಿದ್ರೆ ಆಯ್ತು" ಎಂದು ಅವನು ಡಬ್ಬ ಬಿಚ್ಚಿದ. ಭಾಷೆಯೇ ಬೇಡದ ಆಟ ಎಂಬುದು ಅದರ ಮೊದಲನೇ ಅನುಕೂಲ. ಬಿಲ್ಲೆಗಳ ಮೇಲೆ ಒಂದಕ್ಷರವೂ ಇಲ್ಲ.

ಆಕಾಶವಾಣಿಯಲ್ಲಿ ಚಿತ್ರ ತೋರಿಸಲಾಗುವುದಿಲ್ಲವಲ್ಲ, ಬಾಯಲ್ಲೇ ಹೇಳುತ್ತೇನೆ, ಮನಸ್ಸಿನಲ್ಲಿ ಹರಡಿಕೊಳ್ಳಿ. ದಪ್ಪ ರಟ್ಟಿನ 72 ಚೌಕ ಬಿಲ್ಲೆಗಳು. ಒಂದೊಂದರ ಬದಿ ಸುಮಾರು 4.5 ಸೆಂಟಿಮೀಟರ್. ಪ್ರತಿಯೊಂದರ ಮೇಲೂ ಆಕಾಶದಿಂದ ನೋಡಿದಂತೆ ಒಂದು ತುಂಡು ನೆಲದ ಚಿತ್ರ: ಎಲ್ಲೋ ಕೋಟೆಗೋಡೆಯ ಒಂದು ಭಾಗ, ಎಲ್ಲೋ ರಸ್ತೆ, ಮಿಕ್ಕಲ್ಲಿ ಹಸುರು ಹೊಲ, ಕೆಲವದರ ನಡುವೆ ಒಂದು ಮಠ. ಜೊತೆಗೆ ಐದು ಬಣ್ಣದ ಮರದ ಗೊಂಬೆಗಳು. ಕೈಕಾಲು ಚಾಚಿ ನಿಂತ ಮನುಷ್ಯನ ಆಕಾರ, ಬೆರಳ ತುದಿಯಷ್ಟು ಎತ್ತರ. ಪ್ರಪಂಚದ ಆಟಗಾರರೆಲ್ಲ ಅವನ್ನು ಮೀಪಲ್ ಅನ್ನುತ್ತಾರೆ, ನಮ್ಮ ಮನೆಯಲ್ಲಿ ಅವು 'ಆಳುಗಳು'. ಬಣ್ಣಕ್ಕೆ ಎಂಟರಂತೆ ಇರುತ್ತವೆ. ಅದರಲ್ಲಿ ಒಂದು 50 ಮನೆಗಳ ಅಂಕಪಟ್ಟಿಯ ಮೇಲೆ ಓಡಾಡಿಕೊಂಡು ಲೆಕ್ಕ ತೋರಿಸುತ್ತದೆ, ಉಳಿದ ಏಳು ಊರೊಳಗೆ ಕೆಲಸಕ್ಕೆ ಹೋಗುತ್ತವೆ.

ಒಂದು ಬಿಲ್ಲೆಯನ್ನು ಮೇಜಿನ ನಡುವೆ ಇಟ್ಟು ಆಟ ಶುರು. ಉಳಿದ 71 ಬಿಲ್ಲೆಗಳು ಬೋರಲಾಗಿ ಬಿದ್ದಿರುತ್ತವೆ. ನಿಮ್ಮ ಸರದಿ ಬಂದಾಗ ಒಂದನ್ನು ಎತ್ತಿ, ಈಗಾಗಲೇ ಇರುವ ಬಿಲ್ಲೆಗಳಿಗೆ ಅಂಚು ಸೇರುವಂತೆ ಇಡಬೇಕು. ರಸ್ತೆಗೆ ರಸ್ತೆ, ಕೋಟೆಗೆ ಕೋಟೆ, ಹೊಲಕ್ಕೆ ಹೊಲ ಕೂಡಬೇಕು. ಇಟ್ಟ ಮೇಲೆ, ಮನಸ್ಸಿದ್ದರೆ, ಆ ಬಿಲ್ಲೆಯ ಮೇಲೆ ನಿಮ್ಮ ಒಬ್ಬ ಆಳನ್ನು ನಿಲ್ಲಿಸಬಹುದು. ಕೋಟೆಯಲ್ಲಿ ನಿಂತರೆ ಅವನು ವೀರ, ಮಠದಲ್ಲಿ ನಿಂತರೆ ಸನ್ಯಾಸಿ, ರಸ್ತೆಯಲ್ಲಿ ನಿಂತರೆ ದಾರಿಗಳ್ಳ, ಹೊಲದಲ್ಲಿ ಅಡ್ಡ ಮಲಗಿಸಿದರೆ ರೈತ. "ಇಡೀ ಊರಲ್ಲಿ ದುಡಿಯೋನು ಒಬ್ಬ ರೈತ. ಅವನನ್ನೇ ಮಲಗಿಸಿದ್ದಾರಲ್ಲ!" ಎಂದು ಅತ್ತೆ ಮೊದಲ ದಿನವೇ ಆಕ್ಷೇಪ ಎತ್ತಿದರು. ಎತ್ತಬೇಕಾದ ಆಕ್ಷೇಪವೇ.

ರಸ್ತೆ ಎರಡೂ ತುದಿ ಮುಟ್ಟಿ ಮುಗಿದರೆ ಬಿಲ್ಲೆಗೊಂದು ಅಂಕ. ಕೋಟೆಯ ಗೋಡೆ ಸುತ್ತಲೂ ಮುಚ್ಚಿಕೊಂಡರೆ ಬಿಲ್ಲೆಗೆ ಎರಡು, ಒಳಗೆ ಗುರಾಣಿಯ ಗುರುತಿದ್ದರೆ ಅದಕ್ಕೆ ಇನ್ನೆರಡು. ಮಠದ ಸುತ್ತ ಎಂಟೂ ಕಡೆ ಬಿಲ್ಲೆ ತುಂಬಿದರೆ ಒಂಬತ್ತು. ಕೆಲಸ ಮುಗಿದ ಆಳು ನಿಮ್ಮ ಕೈಗೆ ವಾಪಸು ಬರುತ್ತಾನೆ. ಮುಗಿಯದಿದ್ದರೆ ಅಲ್ಲೇ ನಿಂತಿರುತ್ತಾನೆ. ಏಳೂ ಆಳುಗಳನ್ನು ಅರೆಬರೆ ಕೋಟೆಗಳಲ್ಲಿ ನಿಲ್ಲಿಸಿಬಿಟ್ಟವರು ಒಳ್ಳೆಯ ಬಿಲ್ಲೆ ಬಂದಾಗ ಕೈ ಖಾಲಿ ಮಾಡಿಕೊಂಡು ನೋಡುತ್ತಿರಬೇಕು. ಬಿಲ್ಲೆಗಳು ಮುಗಿದಾಗ ಆಟ ಮುಗಿಯಿತು. ಅರ್ಧಕ್ಕೆ ನಿಂತ ಕೋಟೆಗೆ ಅರ್ಧ ಅಂಕವಷ್ಟೇ. ಐದು ಜನ ಕೂತರೆ ಒಬ್ಬೊಬ್ಬರಿಗೆ ಹದಿನಾಲ್ಕು ಸರದಿ ಸಿಗುತ್ತದೆ, ಮುಕ್ಕಾಲು ಗಂಟೆಯಲ್ಲಿ ಎದ್ದು ಊಟಕ್ಕೆ ಹೋಗಬಹುದು. ನಿಯಮ ಇಷ್ಟೇ, ರೈತನ ಲೆಕ್ಕ ಒಂದನ್ನು ಬಿಟ್ಟು. ಆ ತಕರಾರಿಗೆ ಆಮೇಲೆ ಬರುತ್ತೇನೆ.

ಈ ಆಟದಲ್ಲಿ ನನಗೆ ಮೆಚ್ಚುಗೆಯಾದ ಸಂಗತಿ ಬೇರೆ ಇದೆ. ಇಸ್ಪೀಟಿನಲ್ಲಿ ಎಲೆಗಳನ್ನು ಎದೆಗವಚಿ ಹಿಡಿದುಕೊಳ್ಳುತ್ತೇವೆ. ಇಲ್ಲಿ ಮುಚ್ಚಿಡುವುದೇನೂ ಇಲ್ಲ. ಎತ್ತಿದ ಬಿಲ್ಲೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಅಷ್ಟೇ ಏಕೆ, ಆಟದ ಮೊದಲ ಆವೃತ್ತಿಯ ನಿಯಮಪತ್ರದಲ್ಲೇ, ಎತ್ತಿದ ಬಿಲ್ಲೆಯನ್ನು ಉಳಿದವರಿಗೆ ತೋರಿಸಬೇಕು, ಎಲ್ಲಿಟ್ಟರೆ ಚೆಂದ ಎಂದು ಅವರು ಸಲಹೆ ಕೊಡಲಿ ಎಂಬ ಅರ್ಥದ ಮಾತಿದೆ. ಸಲಹೆ ಕೊಡುವುದನ್ನು ನಿಯಮವಾಗಿಯೇ ಬರೆದಿಟ್ಟ ಆಟ! ನಮ್ಮ ಮನೆಗಳಲ್ಲಿ ಅದನ್ನು ಬರೆದಿಡುವ ಅಗತ್ಯವೇ ಇರಲಿಲ್ಲ. ಆಡುವವರು ನಾಲ್ವರಾದರೆ ಹಿಂದೆ ನಿಂತು ಹೇಳಿಕೊಡುವವರು ಇಬ್ಬರಾದರೂ ಇದ್ದೇ ಇರುತ್ತಾರೆ.

ಆದರೆ ಈ ಸಲಹೆಯಲ್ಲಿ ಸ್ವಾರ್ಥವೂ ಸೇರಿರುತ್ತದೆ, ಸ್ವಾರಸ್ಯವಿರುವುದೇ ಅಲ್ಲಿ. "ಇಲ್ಲಿಡೋ ಪುಟ್ಟಾ, ನಿನ್ನ ರಸ್ತೆ ಮುಗಿಯುತ್ತೆ" ಎಂದು ಅಪ್ಪ ಹೇಳಿದರೆ ಹುಡುಗ ಮೊದಲು ಸಂತೋಷಪಡುತ್ತಾನೆ. ಕೆಲವು ಆಟ ಕಳೆದ ಮೇಲೆ, ಹಾಗಿಟ್ಟರೆ ಅಪ್ಪನ ಮಠಕ್ಕೂ ಒಂದು ಬಿಲ್ಲೆ ಸಿಗುತ್ತದಲ್ಲ ಎನ್ನುವುದು ಅವನಿಗೆ ಹೊಳೆಯುತ್ತದೆ. ಅವತ್ತಿನಿಂದ ಅವನು ಸಲಹೆಯನ್ನು ಕೇಳುತ್ತಾನೆ, ತೂಗುತ್ತಾನೆ, ಎಷ್ಟೋ ಸಲ ಹಾಗೇ ಮಾಡುತ್ತಾನೆ, ಏಕೆಂದರೆ ಇಬ್ಬರಿಗೂ ಲಾಭವಿದೆ. ಎಂಟು ವರ್ಷದ ಹುಡುಗನಿಗೆ ಇದನ್ನು ಪಾಠ ಹೇಳಿ ಕಲಿಸಲು ಹೊರಟಿದ್ದರೆ ನನ್ನಿಂದಂತೂ ಆಗುತ್ತಿರಲಿಲ್ಲ. ಟೀಚರ್ ಆಗಿದ್ದುಕೊಂಡೇ ಈ ಮಾತು ಹೇಳುತ್ತಿದ್ದೇನೆ.

ಇನ್ನು ಆಟದ ತಿರುಳು. ಒಬ್ಬರ ಆಳು ನಿಂತಿರುವ ಕೋಟೆಗೆ ಇನ್ನೊಬ್ಬರು ನೇರವಾಗಿ ಆಳನ್ನು ಇಳಿಸುವಂತಿಲ್ಲ. ಆದರೆ ಅದರ ಹತ್ತಿರದಲ್ಲೇ, ಅಂಟದಂತೆ, ಬೇರೊಂದು ಪುಟ್ಟ ಕೋಟೆ ಶುರುಮಾಡಿ ಅಲ್ಲಿ ಆಳನ್ನು ನಿಲ್ಲಿಸಬಹುದು. ಮುಂದೊಂದು ಸರದಿಯಲ್ಲಿ ಎರಡನ್ನೂ ಬೆಸೆಯುವ ಬಿಲ್ಲೆ ಸಿಕ್ಕಿತೋ, ಎರಡು ಕೋಟೆ ಒಂದಾಯಿತು. ಆಗ ಯಾರ ಆಳು ಹೆಚ್ಚೋ ಅವರಿಗೆ ಅಂಕ. ಸಮಸಮ ಇದ್ದರೆ? ಇಲ್ಲಿ ನಮ್ಮ ನ್ಯಾಯಪಂಚಾಯಿತಿ ಏನು ಹೇಳುತ್ತಿತ್ತು, ಅರ್ಧರ್ಧ ಹಂಚಿಕೊಳ್ಳಿ ಅನ್ನುತ್ತಿತ್ತು. ಈ ಆಟ ಹಾಗನ್ನುವುದಿಲ್ಲ. ಇಬ್ಬರಿಗೂ ಪೂರ್ತಿ ಅಂಕ. ಇಪ್ಪತ್ತು ಅಂಕದ ಕೋಟೆಯಾದರೆ ನಿಮಗೂ ಇಪ್ಪತ್ತು, ನನಗೂ ಇಪ್ಪತ್ತು. ನಷ್ಟವೇನಿದ್ದರೂ ಹೊರಗೆ ಉಳಿದ ಮೂರನೆಯವರಿಗೆ.

ಈ ಒಂದು ನಿಯಮವನ್ನು ನಮ್ಮ ಮನೆಯಲ್ಲಿ ಎಲ್ಲರಿಗಿಂತ ಮೊದಲು ಅರಗಿಸಿಕೊಂಡವರು ಅತ್ತೆ. ಮೊಮ್ಮಗ ಹೆಮ್ಮೆಯಿಂದ ದೊಡ್ಡ ಕೋಟೆ ಕಟ್ಟುತ್ತಿರುತ್ತಾನೆ. "ನಾನೂ ಒಂದು ಮೂಲೇಲಿ ಸಣ್ಣ ಮನೆ ಕಟ್ಕೋತೀನಪ್ಪ, ಯಾರಿಗೂ ತೊಂದ್ರೆ ಇಲ್ಲ" ಎಂದು ಅತ್ತೆ ಪಕ್ಕದಲ್ಲಿ ಒಂದು ಬಿಲ್ಲೆ ಇಟ್ಟು, ಹಳದಿ ಆಳನ್ನು ನಿಲ್ಲಿಸುತ್ತಾರೆ. ಎರಡು ಸುತ್ತು ಕಳೆಯುವುದರೊಳಗೆ ನಡುವಿನ ಬಿಲ್ಲೆ ಅವರ ಕೈಗೇ ಬರುತ್ತದೆ, ಅಥವಾ ಇನ್ಯಾರದೋ ಕೈಗೆ ಬಂದು ಅವರ ಸಲಹೆಯಿಂದ ಅಲ್ಲಿಗೇ ಸೇರುತ್ತದೆ. "ಅಜ್ಜೀ, ಅದು ನನ್ನ ಕೋಟೆ!" ಎಂದು ಹುಡುಗ ಕೂಗುತ್ತಾನೆ. "ನಿಂದೇ ಕಣೋ, ಯಾರು ಬೇಡ ಅಂದ್ರು? ನಾವೀಗ ಬೀಗರು" ಎನ್ನುತ್ತಾರೆ ಅತ್ತೆ. ಬೀಗತನಕ್ಕಿಂತ ಒಳ್ಳೆಯ ಹೋಲಿಕೆ ಈ ನಿಯಮಕ್ಕೆ ಸಿಗಲಾರದು. ಸಂಬಂಧ ಬೇಕು, ಒಳಗೊಳಗೇ ಯಾರ ಕೈ ಮೇಲು ಎಂಬ ಲೆಕ್ಕವೂ ಇರಬೇಕು. ಅಲ್ಲಿಂದ ಮುಂದೆ ಅಜ್ಜಿ-ಮೊಮ್ಮಗ ಇಬ್ಬರೂ ಸೇರಿ ಆ ಕೋಟೆಯನ್ನು ಬೆಳೆಸುತ್ತಾರೆ, ಗೋಡೆ ಮುಚ್ಚುವ ಬಿಲ್ಲೆಗಾಗಿ ಇಬ್ಬರೂ ಕಾಯುತ್ತಾರೆ. ಹಾಗೆಂದು ಅತ್ತೆಯನ್ನು ಪೂರ್ತಿ ನಂಬುವಂತಿಲ್ಲ. ಇನ್ನೊಂದು ದಿಕ್ಕಿನಿಂದ ಎರಡನೇ ಹಳದಿ ಆಳನ್ನು ಸೇರಿಸಿ ಇಡೀ ಕೋಟೆಯನ್ನು ಒಬ್ಬರೇ ನುಂಗಿದ್ದೂ ಉಂಟು. ಅವತ್ತು ಮೊಮ್ಮಗ ಊಟದ ಹೊತ್ತಿನವರೆಗೂ ಮಾತಾಡಲಿಲ್ಲ.

ಅತ್ತೆಗೆ ಹಳದಿಯೇ ಏಕೆ ಎಂಬುದನ್ನೂ ಹೇಳಬೇಕು. ಕೆಂಪು, ಹಳದಿ, ಹಸಿರು, ನೀಲಿ, ಕಪ್ಪು ಬಣ್ಣಗಳಲ್ಲಿ ನೀಲಿ-ಕಪ್ಪು ರಾತ್ರಿ ದೀಪದಲ್ಲಿ ಅವರಿಗೆ ಒಂದೇ ಥರ ಕಾಣುತ್ತವೆ. ಹಸಿರು ಆಳು ಹಸಿರು ಹೊಲದಲ್ಲಿ ಕಳೆದುಹೋಗುತ್ತಾನೆ. ಹಿರಿಯರ ಜೊತೆ ಆಡುವವರು ಬಣ್ಣದ ಆಯ್ಕೆಯನ್ನು ಮೊದಲು ಅವರಿಗೆ ಬಿಡಬೇಕು. ನೆಲದ ಮೇಲೆ ಜಮಖಾನೆ ಹಾಸಿ ಆಡುವುದು ನೋಡಲು ಚೆಂದವೇ. ಆದರೆ ಮಂಡಿನೋವಿನವರಿಗೆ ಊಟದ ಮೇಜೇ ವಾಸಿ. ಮೇಜಿನ ಮೇಲೆ ಒಂದು ದಪ್ಪ ಬಟ್ಟೆ ಹಾಸಿದರೆ ಬಿಲ್ಲೆ ಜಾರುವುದಿಲ್ಲ, ಎತ್ತಲು ಉಗುರೂ ಸಿಗುತ್ತದೆ.

ಮಣೆಯ ಆಟ ನಮಗೆ ಹೊಸದೇನಲ್ಲ. ಕವಡೆ ಚೆಲ್ಲಿ ಆಡುವ ಚೌಕಾಬಾರ, ಪಗಡೆ, ಆಡು-ಹುಲಿ, ಹುಣಸೆಬೀಜವನ್ನೋ ಹೊಂಗಾರಕದ ಬೀಜವನ್ನೋ ಹಾಕಿ ಆಡುವ ಹದಿನಾಲ್ಕು ಕುಳಿಗಳ ಅಳಗುಳಿಮಣೆ ನಮ್ಮವೇ. ಅಳಗುಳಿಮಣೆಯನ್ನು ತುಳುನಾಡಿನವರು ಚೆನ್ನೆಮಣೆ ಎಂದು ಕರೆದು, ಆಟಿ ತಿಂಗಳ ಮಳೆಯಲ್ಲಿ ಹೊರಗೆ ತೆಗೆಯುತ್ತಾರೆ. ನಾನಿರುವ ಮೈಸೂರಿನಲ್ಲಂತೂ ಮುಮ್ಮಡಿ ಕೃಷ್ಣರಾಜ ಒಡೆಯರು ಆಟಗಳಿಗೆ ರಾಜಮರ್ಯಾದೆ ಕೊಟ್ಟವರು. ಅವರ ಆಶ್ರಯದಲ್ಲಿ ಸಿದ್ಧವಾದ ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಕೌತುಕನಿಧಿ ಎಂಬುದು ಆಟಗಳಿಗೇ ಮೀಸಲು. ಚದುರಂಗದ ಕುದುರೆಯನ್ನು ಒಮ್ಮೆ ಹೋದ ಮನೆಗೆ ಮತ್ತೆ ಹೋಗದಂತೆ 64 ಮನೆಗಳಲ್ಲೂ ನಡೆಸುವ ಲೆಕ್ಕದಲ್ಲಿ ಅವರು ನಿಸ್ಸೀಮರು. 1861ರಲ್ಲಿ ಅವರು ಕಟ್ಟಿಸಿದ ಜಗನ್ಮೋಹನ ಅರಮನೆಗೆ ಹೋದವರು ರವಿವರ್ಮನ ಚಿತ್ರ ನೋಡಿಕೊಂಡು ಹಿಂತಿರುಗುತ್ತಾರೆ. ಅಲ್ಲಿನ ರಂಗಮಹಲಿನ ಗೋಡೆಗಳ ಮೇಲೆ ಬಗೆಬಗೆಯ ಆಟದ ಮಣೆಗಳನ್ನು ಬಣ್ಣದಲ್ಲಿ ಬರೆಸಿಟ್ಟಿರುವುದನ್ನು ಗಮನಿಸುವವರು ಕಡಿಮೆ.

ಈ ಎಲ್ಲ ಆಟಗಳಲ್ಲಿ ಮಣೆ ಮೊದಲು, ಆಟ ಆಮೇಲೆ. ಬಡಗಿ ಕೆತ್ತಿಕೊಟ್ಟದ್ದೋ, ಅಜ್ಜಿ ಸೀಮೆಸುಣ್ಣದಲ್ಲಿ ಬರೆದದ್ದೋ, ಒಟ್ಟಿನಲ್ಲಿ ದಾರಿ ಸಿದ್ಧವಾಗಿರುತ್ತದೆ. ನಾವು ಕಾಯಿ ನಡೆಸಬೇಕು ಅಷ್ಟೆ. ಕಾರ್ಕಸೋನಿನಲ್ಲಿ ಮಣೆಯೇ ಇಲ್ಲ. ಆಡುತ್ತ ಆಡುತ್ತ ಮಣೆ ಹುಟ್ಟುತ್ತದೆ. ಯಾವ ಎರಡು ಆಟದಲ್ಲೂ ಊರು ಒಂದೇ ಥರ ಇರುವುದಿಲ್ಲ. ಒಮ್ಮೆ ಊರು ಮೇಜಿನ ಉದ್ದಕ್ಕೂ ಬೆಳೆದು ಅಂಚಿನಿಂದ ಹೊರಗೆ ಚಾಚುತ್ತದೆ, ಆಗ ಎಲ್ಲರೂ ಸೇರಿ ಬಟ್ಟೆಸಹಿತ ಊರನ್ನೇ ಈಚೆಗೆ ಎಳೆಯಬೇಕಾಗುತ್ತದೆ. ಸೋತವರೂ ಕೊನೆಯಲ್ಲಿ ಆ ನಕ್ಷೆಯ ಒಂದು ಭಾಗ ತಮ್ಮದು ಎನ್ನಬಹುದು. ನನ್ನ ಮಗಳು ಆಟ ಮುಗಿದ ಮೇಲೆ ಫೋಟೋ ತೆಗೆಯದೆ ಬಿಲ್ಲೆ ಎತ್ತಲು ಬಿಡುವುದಿಲ್ಲ.

ಹೆಸರಿನ ಊರು ನಿಜವಾಗಿಯೂ ಇದೆ. ದಕ್ಷಿಣ ಫ್ರಾನ್ಸಿನಲ್ಲಿ, ಓಡ್ ನದಿಯ ದಂಡೆಯ ಗುಡ್ಡದ ಮೇಲೆ ಎರಡು ಸುತ್ತಿನ ಗೋಡೆ, 52 ಬುರುಜುಗಳಿರುವ ಕೋಟೆಯ ಪಟ್ಟಣ ಕಾರ್ಕಸೋನ್. 1209ರಲ್ಲಿ, ಕ್ಯಾಥರ್ ಎಂಬ ಪಂಥದವರ ಮೇಲೆ ಪೋಪರು ಸಾರಿದ ಧರ್ಮಯುದ್ಧದ ಕಾಲದಲ್ಲಿ, ಮುತ್ತಿಗೆಗೆ ಸಿಕ್ಕಿ ಶರಣಾದ ಕೋಟೆ ಅದು. ಹತ್ತೊಂಬತ್ತನೇ ಶತಮಾನದ ಹೊತ್ತಿಗೆ ಹಾಳುಬಿದ್ದು, ಸರ್ಕಾರ ಗೋಡೆಗಳನ್ನು ಕೆಡವಿಹಾಕಲು 1849ರಲ್ಲಿ ತೀರ್ಮಾನಿಸಿತ್ತು. ಊರಿನವರು, ಸಾಹಿತಿಗಳು ಗಲಾಟೆ ಮಾಡಿದ್ದರಿಂದ ಆದೇಶ ಹಿಂತೆಗೆದು, 1853ರಿಂದ ಅದನ್ನು ಜೀರ್ಣೋದ್ಧಾರ ಮಾಡಿದರು. ಆ ಕೆಲಸ ಮಾಡಿದ ವಾಸ್ತುಶಿಲ್ಪಿ ಯುಜೆನ್ ವಿಯೊಲೆ-ಲ-ಡ್ಯುಕ್. ದಕ್ಷಿಣದ ಬುರುಜುಗಳಿಗೆ ಉತ್ತರ ಫ್ರಾನ್ಸಿನ ಮಾದರಿಯ ಚೂಪು ಚಾವಣಿ ಹೊದಿಸಿದನೆಂದು ಇವತ್ತಿಗೂ ಬೈಯುವವರಿದ್ದಾರೆ. ಅದೇನೇ ಇರಲಿ, ಯುನೆಸ್ಕೊ 1997ರಲ್ಲಿ ಅದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಕ್ಲಾಸ್-ಯುರ್ಗೆನ್ ವ್ರೇಡೆ ಎಂಬ ಜರ್ಮನ್, ಸಂಗೀತ ಮತ್ತು ದೇವತಾಶಾಸ್ತ್ರ ಓದಿದವರು, ಆ ಸೀಮೆಯಲ್ಲಿ ಸುತ್ತಾಡಿ ಬಂದು ಈ ಆಟ ಕಟ್ಟಿದರು. ಆಟ ಹೊರಬಂದದ್ದು 2000ದಲ್ಲಿ. ಮರುವರ್ಷವೇ ಜರ್ಮನಿಯ 'ವರ್ಷದ ಆಟ' ಪ್ರಶಸ್ತಿ ಅದಕ್ಕೆ ಸಂದಿತು.

ಆ ಪ್ರಶಸ್ತಿಯ ಬಗ್ಗೆ ಒಂದು ಮಾತು. ಅಲ್ಲಿ ಆಟಗಳನ್ನು ಪುಸ್ತಕಗಳಂತೆ ನೋಡುತ್ತಾರೆ. ಡಬ್ಬದ ಮೇಲೆ ಆಟ ರಚಿಸಿದವರ ಹೆಸರು ಇರುತ್ತದೆ, ಪತ್ರಿಕೆಗಳಲ್ಲಿ ವಿಮರ್ಶೆ ಬರುತ್ತದೆ, 1979ರಿಂದ ವಿಮರ್ಶಕರ ಮಂಡಳಿಯೊಂದು ಪ್ರತಿ ವರ್ಷ ಒಂದು ಆಟವನ್ನು ಆರಿಸುತ್ತಿದೆ. ಎಸ್ಸೆನ್ ನಗರದಲ್ಲಿ 1983ರಿಂದ ಅಕ್ಟೋಬರ್ ಹೊತ್ತಿಗೆ ಆಟಗಳದೇ ಜಾತ್ರೆ ನಡೆಯುತ್ತದೆ. ಕಾರ್ಕಸೋನಿನ ವಿಶ್ವ ಚಾಂಪಿಯನ್‌ಷಿಪ್ಪೂ ಅಲ್ಲೇ. ನಮ್ಮ ಚೌಕಾಬಾರವನ್ನು ಮೊದಲು ಆಡಿದವರು ಯಾರೆಂದು ಯಾರೂ ಕೇಳಲಿಲ್ಲ, ಮುಮ್ಮಡಿಯವರ ನಂತರ ಹೊಸ ಮಣೆ ಕಟ್ಟಿದವರನ್ನು ಗೌರವಿಸುವ ರೂಢಿಯೂ ನಮ್ಮಲ್ಲಿ ಬೆಳೆಯಲಿಲ್ಲ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ಹಳೆಯ ಮಣೆಗಳನ್ನು ಮತ್ತೆ ಮಾಡಿಸಿ ಪ್ರದರ್ಶನಕ್ಕಿಡುತ್ತ ಬಂದಿದ್ದಾರೆ, ಅದೊಂದು ಸಮಾಧಾನ.

ಮತ್ತೆ ಮೇಜಿಗೆ ಬರೋಣ. ಹಗುರವಾದ ಆಟ ಎಂದೆ. ಬುದ್ಧಿಗೆ ಕೆಲಸವಿಲ್ಲ ಎಂದೇನೂ ಹೇಳಲಿಲ್ಲ. 72ರಲ್ಲಿ ಯಾವ ಬಿಲ್ಲೆ ಎಷ್ಟಿವೆ ಎಂಬ ಪಟ್ಟಿ ನಿಯಮಪುಸ್ತಕದಲ್ಲೇ ಇದೆ. ಬಾಗಿದ ರಸ್ತೆಯವು ಒಂಬತ್ತು, ನೇರ ರಸ್ತೆಯವು ಎಂಟು. ಮಠಗಳು ಆರು. ನಾಲ್ಕು ದಾರಿ ಕೂಡುವ ವೃತ್ತ ಇಡೀ ಡಬ್ಬದಲ್ಲಿ ಒಂದೇ ಒಂದು. ನಾಲ್ಕೂ ಕಡೆ ಕೋಟೆಯೇ ಆಗಿರುವ ಬಿಲ್ಲೆಯೂ ಒಂದೇ. ಒಂದು ಕಡೆ ಕೋಟೆ, ಉಳಿದ ಮೂರೂ ಕಡೆ ರಸ್ತೆ ಬೇಕಾದರೆ ಮೂರು ಸಿಗುತ್ತವೆ. ಎದುರುಬದುರು ಎರಡು ಕಡೆ ಕೋಟೆ, ಉಳಿದೆರಡು ಕಡೆ ರಸ್ತೆ ಬೇಕೆಂದರೆ ಒಂದೂ ಇಲ್ಲ. ಹಾಗಾಗಿ ಯಾರದಾದರೂ ಕೋಟೆಯ ಬಾಯಲ್ಲಿ ಅಂಥದೊಂದು ಕಿಂಡಿ ಉಳಿಯುವಂತೆ ಸುತ್ತಲೂ ಬಿಲ್ಲೆ ಇಟ್ಟುಬಿಟ್ಟರೆ ಆ ಕೋಟೆ ಎಂದಿಗೂ ಮುಚ್ಚದು, ಒಳಗಿರುವ ಆಳು ಆಟ ಮುಗಿಯುವವರೆಗೆ ಬಂದಿ.

ಇದನ್ನು ನಮ್ಮ ಮನೆಯಲ್ಲಿ ಕಂಡುಹಿಡಿದವಳು ಮಗಳು. ಅವಳು ಪಟ್ಟಿಯನ್ನು ಬಾಯಿಪಾಠ ಮಾಡಿಕೊಂಡು, ಆಟದ ನಡುವೆ "ಮೂರು ಕಡೆ ಕೋಟೆ ಇರೋದು ಇನ್ನೆರಡೇ ಉಳಿದಿವೆ ಅಮ್ಮ" ಎಂದು ಹೇಳುವಷ್ಟು ಪಳಗಿದಳು. ಗಣಿತದ ಪುಸ್ತಕದಲ್ಲಿ ಸಂಭವನೀಯತೆಯ ಅಧ್ಯಾಯ ಬಂದಾಗ ಕೆಂಪು-ನೀಲಿ ಗೋಲಿಗಳ ಚೀಲ ಅವಳಿಗೆ ಹಳೆಯ ಪರಿಚಯದಂತೆ ಕಂಡಿತು. ಆದರೆ ಹೀಗೆ ಎಣಿಸುವವರು ಗೆದ್ದೇ ಗೆಲ್ಲುತ್ತಾರೆಂದೂ ಇಲ್ಲ. ಬೇಕಾದ ಬಿಲ್ಲೆ ಎರಡು ಉಳಿದಿರಬಹುದು, ಅವೆರಡೂ ಅತ್ತೆಯ ಕೈಗೆ ಬರಬಹುದು. ಎಣಿಸುವವರಿಗೂ ಎಣಿಸದವರಿಗೂ ಗೆಲ್ಲುವ ಆಸೆ ಉಳಿದಿರುವುದರಿಂದಲೇ ಇದು ಮನೆಯಾಟ.

ಈಗ ರೈತನ ತಕರಾರು. ಹೊಲದಲ್ಲಿ ಮಲಗಿಸಿದ ಆಳು ಆಟ ಮುಗಿಯುವತನಕ ಏಳುವಂತಿಲ್ಲ. ಕೊನೆಯಲ್ಲಿ, ಅವನ ಹೊಲ ಎಷ್ಟು ಪೂರ್ತಿಯಾದ ಕೋಟೆಗಳನ್ನು ಮುಟ್ಟಿದೆಯೋ ಒಂದೊಂದಕ್ಕೆ ಮೂರು ಅಂಕ. ಕೇಳಲು ಸುಲಭ. ಆದರೆ ಹೊಲದ ಗಡಿ ಯಾವುದು? ರಸ್ತೆ ಅಡ್ಡ ಬಂದರೆ ಹೊಲ ಎರಡಾಯಿತು, ರಸ್ತೆ ಮುಗಿದ ಕಡೆ ಬಳಸಿಕೊಂಡು ಬಂದರೆ ಮತ್ತೆ ಒಂದಾಯಿತು. ಎಪ್ಪತ್ತು ಬಿಲ್ಲೆ ಹರಡಿದ ಮೇಲೆ ಬೆರಳಿಟ್ಟು ಹೊಲದ ಜಾಡು ಹಿಡಿದು ಹೊರಟರೆ ಶಾನುಭೋಗರೂ ತಬ್ಬಿಬ್ಬಾಗಬೇಕು. ಅಣ್ಣತಮ್ಮಂದಿರ ಬದುವಿನ ಜಗಳ ನಮ್ಮ ಮನೆಯ ಊಟದ ಮೇಜಿಗೆ ಬಂದದ್ದು ಈ ಆಟದಿಂದಲೇ. ಮೊದಲ ಆವೃತ್ತಿಯಲ್ಲಿ ಈ ಲೆಕ್ಕ ಇನ್ನೂ ಜಟಿಲವಾಗಿತ್ತು, ಮುಂದಿನ ಮುದ್ರಣಗಳಲ್ಲಿ ಸರಳ ಮಾಡಿದರು. ಹಾಗಿದ್ದೂ ಮಕ್ಕಳೊಂದಿಗೆ ಆಡುವಾಗ ರೈತನನ್ನು ಕೈಬಿಡುವುದೇ ಸರಿ ಎಂಬುದು ನನ್ನ ಅಭಿಪ್ರಾಯ. ರೈತನಿಲ್ಲದೆ ಆಟಕ್ಕೆ ರುಚಿಯೇ ಇಲ್ಲ, ಚಾಣಾಕ್ಷರು ಗೆಲ್ಲುವುದೇ ಅಲ್ಲಿ ಎಂದು ನನ್ನ ಅಕ್ಕನ ಮಗ ಫೋನಿನಲ್ಲಿ ವಾದಿಸುತ್ತಾನೆ. ಚಾಣಾಕ್ಷರು ಗೆಲ್ಲುವ ಆಟ ಬೇಕಿದ್ದರೆ ಚದುರಂಗ ಇದೆಯಲ್ಲ!

ಇದೇ ಕಾರಣಕ್ಕೆ ನನಗೆ ವಿಸ್ತರಣೆಗಳೂ ಒಗ್ಗುವುದಿಲ್ಲ. ಆಟ ಜನಪ್ರಿಯವಾದ ಮೇಲೆ ಡಬ್ಬದ ಮೇಲೆ ಡಬ್ಬ ಬಂದವು. ಛತ್ರ ಮತ್ತು ದೊಡ್ಡ ಇಗರ್ಜಿ, ವ್ಯಾಪಾರಿಗಳು, ಆಳುಗಳನ್ನು ತಿನ್ನುವ ಡ್ರ್ಯಾಗನ್, ಕೊನೆಗೆ ಮೇಜಿನ ಮೇಲೆ ಸಾಮಾನು ಚಿಮ್ಮಿಸುವ ಕವಣೆಯೂ ಬಂತು. ಒಂದೊಂದಕ್ಕೂ ನಾಲ್ಕು ನಾಲ್ಕು ಹೊಸ ನಿಯಮ. ನಿಯಮ ಹೆಚ್ಚಾದಂತೆ ಮೊದಲು ಮೇಜಿನಿಂದ ಏಳುವವರು ಹಿರಿಯರು, ಆಮೇಲೆ ಚಿಕ್ಕವರು. ಕೊನೆಗೆ ಇಬ್ಬರು ಹುರುಪಿನವರು ಉಳಿಯುತ್ತಾರೆ. ಇವುಗಳ ಪೈಕಿ ನನಗೆ ಹಿಡಿಸಿದ್ದು ಹನ್ನೆರಡು ಬಿಲ್ಲೆಗಳ ಹೊಳೆ ಒಂದೇ. ಆಟದ ಮೊದಲಿಗೆ ಹೊಳೆಯನ್ನು ಹರಿಸಿ, ಆಮೇಲೆ ದಂಡೆಯಲ್ಲಿ ಊರು ಕಟ್ಟಬೇಕು. ಈಚಿನ ಆವೃತ್ತಿಗಳಲ್ಲಿ ಅದು ಮೂಲ ಡಬ್ಬದಲ್ಲೇ ಸಿಗುತ್ತದೆ.

ಬೇರೆ ಬಿಲ್ಲೆಯಾಟಗಳನ್ನೂ ಆಡಿ ನೋಡಿದ್ದೇವೆ. 2017ರ ಪ್ರಶಸ್ತಿ ಪಡೆದ, ಬ್ರೂನೊ ಕಥಾಲಾ ಎಂಬ ಫ್ರೆಂಚರ ಕಿಂಗ್‌ಡೊಮಿನೊ ಇನ್ನೂ ಹಗುರ. ಡಾಮಿನೊ ಮಾದರಿಯ 48 ಜೋಡಿಬಿಲ್ಲೆಗಳಲ್ಲಿ ಒಬ್ಬೊಬ್ಬರೂ ಐದಕ್ಕೈದರ ತಮ್ಮದೇ ರಾಜ್ಯ ಕಟ್ಟಬೇಕು. ಒಳ್ಳೆಯ ಬಿಲ್ಲೆ ಆರಿಸಿಕೊಂಡವರು ಮುಂದಿನ ಸುತ್ತಿನಲ್ಲಿ ತಡವಾಗಿ ಆರಿಸಬೇಕು ಎಂಬ ನಿಯಮ ಬಹಳ ಚೆನ್ನಾಗಿದೆ. ಕೊನೆಯ ಲೆಕ್ಕ ಗುಣಾಕಾರ: ಒಂದೇ ಬಗೆಯ ನೆಲದ ಮನೆಗಳೆಷ್ಟು, ಅದರಲ್ಲಿ ಕಿರೀಟಗಳೆಷ್ಟು, ಗುಣಿಸು. ಮಗ್ಗಿ ಕಲಿಯುವ ಮಕ್ಕಳಿಗೆ ಹೇಳಿ ಮಾಡಿಸಿದ್ದು, ಕಾಲು ಗಂಟೆಯಲ್ಲಿ ಮುಗಿದೂಹೋಗುತ್ತದೆ. ಕ್ವರ್ಕಲ್ ಎಂಬುದು ಆರು ಬಣ್ಣ ಆರು ಆಕಾರದ 108 ಮರದ ಬಿಲ್ಲೆಗಳ ಆಟ, ಕಣ್ಣು ಚುರುಕಿದ್ದವರಿಗೆ. ಅಜುಲ್ ಪೋರ್ಚುಗಲ್ಲಿನ ಬಣ್ಣದ ಗೋಡೆಬಿಲ್ಲೆಗಳನ್ನು ನೆನಪಿಸುವ ಆಟ, ಕೈಯಲ್ಲಿ ಹಿಡಿಯಲು ಬಲು ಚೆಂದ. ಆದರೆ ಹಗುರ ಎಂದು ಹೇಳಿ ಕೂರಿಸಿ ಮೋಸ ಮಾಡುತ್ತದೆ. ಬೇಡದ ಬಿಲ್ಲೆಗಳನ್ನು ಎದುರಿನವರ ತಲೆಗೆ ಕಟ್ಟುವ ನಿರ್ದಯ ಆಟ ಅದು.

ಇವುಗಳಲ್ಲಿ ಕಿಂಗ್‌ಡೊಮಿನೊ ಮತ್ತು ಅಜುಲ್‌ಗೆ ನನ್ನ ದೃಷ್ಟಿಯಲ್ಲಿ ಒಂದು ಕೊರತೆ ಇದೆ. ಒಬ್ಬೊಬ್ಬರೂ ತಂತಮ್ಮ ಹಲಗೆಯ ಮೇಲೆ ಬಗ್ಗಿ ತಂತಮ್ಮ ಲೆಕ್ಕದಲ್ಲಿ ಮುಳುಗಿರುತ್ತಾರೆ. ಮಾತು ಕಡಿಮೆ. ಅಪಾರ್ಟ್‌ಮೆಂಟಿನಲ್ಲಿ ಅಕ್ಕಪಕ್ಕದ ಬಾಗಿಲು ಹಾಕಿಕೊಂಡಿರುವ ಜನರ ಹಾಗೆ ಶಾಂತವಾಗಿ ಆಡಿ ಮುಗಿಸಬಹುದು. ಮನೆಯಲ್ಲಿ ಮಾತು ಬೇಕೆಂದರೆ ಎಲ್ಲರೂ ಒಂದೇ ನೆಲದ ಮೇಲೆ ಬಿಲ್ಲೆ ಇಡಬೇಕು. ಜಗಳ ಬರುತ್ತದೆ, ಬರಲಿ. ನನ್ನ ರಸ್ತೆಯನ್ನು ನೀನೇಕೆ ತಿರುಗಿಸಿದೆ ಎಂಬ ಜಗಳ ರಟ್ಟು ಎತ್ತಿಡುವ ಹೊತ್ತಿಗೆ ಮುಗಿದಿರುತ್ತದೆ. ಫೋನಿನಲ್ಲೂ ಈ ಆಟ ಸಿಗುತ್ತದೆ. ಅಲ್ಲಿ ಲೆಕ್ಕವನ್ನು ಯಂತ್ರವೇ ಹಾಕುತ್ತದೆ, ಹೊಲದ ಗಡಿಯನ್ನೂ ಅದೇ ತೋರಿಸುತ್ತದೆ, ಆದ್ದರಿಂದ ತಕರಾರಿಲ್ಲ. ತಕರಾರಿಲ್ಲದ್ದರಿಂದ ಅತ್ತೆಗೆ ಆಸಕ್ತಿಯೂ ಇಲ್ಲ.

ಆಡಬೇಕೆಂದು ಮನಸ್ಸು ಮಾಡಿದವರಿಗೆ ಎರಡು ಮಾತು. ಹೊರದೇಶದ ಡಬ್ಬ ದುಬಾರಿ, ನಿಜ. ಬೇಸಿಗೆ ರಜೆಗೆ ಊರಿಗೆ ಹೋಗುವ ಅಣ್ಣತಮ್ಮಂದಿರು, ಅಕ್ಕತಂಗಿಯರು ಸೇರಿ ಒಂದೇ ಡಬ್ಬ ಕೊಂಡರೆ ಸಾಕು, ಅದು ಮನೆಯಿಂದ ಮನೆಗೆ ಓಡಾಡಲಿ. ಮೂಲ ಡಬ್ಬವನ್ನೇ ಕೊಳ್ಳಿ, ದೊಡ್ಡ ಕಟ್ಟಿನ ಆಸೆಗೆ ಬೀಳಬೇಡಿ. ಮೊದಲ ಕೆಲವು ಆಟ ರೈತನನ್ನು ಡಬ್ಬದಲ್ಲೇ ಬಿಡಿ. ನಿಯಮವನ್ನು ಒಂದೇ ಉಸಿರಿಗೆ ಓದಿ ಹೇಳಬೇಡಿ. ಒಂದು ಬಿಲ್ಲೆ ಇಟ್ಟು, ಇನ್ನೊಂದನ್ನು ಹಿರಿಯರ ಕೈಗೆ ಕೊಟ್ಟು, ಎಲ್ಲಿ ಕೂಡುತ್ತದೆ ನೋಡಿ ಅನ್ನಿ, ಉಳಿದದ್ದು ಆಡುತ್ತ ಬರುತ್ತದೆ. ಫ್ಯಾನಿನ ಗಾಳಿಗೆ ಬಿಲ್ಲೆ ಹಾರುವುದಿಲ್ಲ, ದಪ್ಪ ರಟ್ಟು. ಆದರೆ ಕಾಫಿ ಲೋಟವನ್ನು ಆ ಮೇಜಿನ ಮೇಲೆ ಇಡಬೇಡಿ. ಎತ್ತಿಡುವಾಗ ಬಿಲ್ಲೆಗಳನ್ನು ಮಕ್ಕಳ ಕೈಯಲ್ಲಿ ಎಣಿಸಿ, ಹೊಳೆಯ ಬಿಲ್ಲೆಗಳನ್ನು ಬಿಟ್ಟು 72 ಇರಬೇಕು.